ದನಿ ನಡುಗಬಾರದು

ಜೂನ್ 9

ಅಕ್ಕಾ,

ಬಂದು ಸೇರಿದ್ದೇನೆ. ಕೋಣೆ ಎರಡನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಗೋಡೆಯ ಮೇಲೆ ಒಂದು ಪೈಪು, ಪೈಪಿನ ಬಾಗಿನಲ್ಲಿ ಒಂದು ಬೆಕ್ಕು. ನನಗೆ ಕಾಣುವ ಲೋಕ ಇಷ್ಟೇ. ಜೊತೆಗಿರುವವಳು ಒಳ್ಳೆಯವಳು, ಆದರೆ ಗೊರಕೆ ಹೊಡೆಯುತ್ತಾಳೆ. ನಿನಗೆ ಬರೆಯುವಾಗ ಅವಳ ಹೆಸರು ಗೊರಕೆ ಅಂತಲೇ ಇರಲಿ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ದಿನವಿಡೀ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು "ಆಂಬುಲೆನ್ಸ್ ಕಂಟ್ರೋಲ್ ರೂಮ್, ಎಲ್ಲಿಂದ ಮಾತಾಡ್ತಿದ್ದೀರಿ" ಅಂತ ಕೇಳುವವಳಿಗೆ ಮನೆಯಲ್ಲಿ ಮತ್ತೆ ಫೋನ್ ಹಿಡಿ ಅಂದರೆ ನನ್ನನ್ನೇ ಹಿಡಿದು ಬಡಿದೀಯೆ.

ಬಸ್ ಹತ್ತುವಾಗ ಕೇಳಿದೆಯಲ್ಲ, ಎಂ.ಎ. ಆಯಿತು, ಶಾಲೆಯಲ್ಲಿ ಕೌನ್ಸೆಲರ್ ಕೆಲಸವೂ ಆಯಿತು, ಇನ್ನೂ ಏನು ಕಲಿಯುವುದು ಬಾಕಿ ಅಂತ. ಅಪಘಾತ, ಬೆಂಕಿ, ಹೊಡೆತ, ಕಣ್ಣೆದುರಿನ ಸಾವು, ಇಂಥದ್ದನ್ನು ಕಂಡವರ ಒಳಗೆ ಅದು ಮುಗಿದಿರುವುದಿಲ್ಲವಂತೆ. ಎಂದೋ ಆದದ್ದು ಈಗಲೇ ಆಗುತ್ತಿರುವ ಹಾಗೆ ಮೈಮೇಲೆ ಬರುತ್ತದಂತೆ. ಅಂಥವರ ಮುಂದೆ ಕೂರಲು ಬೇರೆ ತರಬೇತಿ ಬೇಕು. ಮೊದಲು ಪಾಠ. ಆಮೇಲೆ ನಾವೇ ಒಬ್ಬರ ಮುಂದೊಬ್ಬರು ಕೂತು ಅಭ್ಯಾಸ. ಅದಾದ ಮೇಲೆ ನಿಜವಾದ ಜನ, ಆದರೆ ಹಿರಿಯರ ಕಣ್ಗಾವಲಿನಲ್ಲಿ. ಕಡೆಗೆ ದೊಡ್ಡ ಮೇಡಂ ಸಹಿ ಹಾಕಿದರೆ ಮಾತ್ರ ನಾನೊಬ್ಬಳೇ ಕೂರಬಹುದು.

ಮೊದಲ ಎರಡು ದಿನದ ಪಾಠ ಮುಗಿದು ಒಂದು ಸರ್ಟಿಫಿಕೇಟ್ ಬಂತು. ಬಂಗಾರದ ಅಂಚು, ಮೇಲೆ ದೀಪದ ಚಿತ್ರ. ಗೊರಕೆ ಅದನ್ನು ದಿಂಬಿನ ಕೆಳಗಿಟ್ಟು ಮಲಗಿದ್ದಾಳೆ. ಇನ್ನು ಮೇಲೆ ನಿನಗೆ ಗೊತ್ತಿರುವ ಯಾರಿಗಾದರೂ ಮನಸ್ಸಿಗೆ ಪೆಟ್ಟಾಗಿದ್ದರೆ, ಗೋಡೆಯ ಮೇಲೆ ಈ ದೀಪದ ಕಾಗದ ಇದೆಯೋ ನೋಡಿ ಕಳಿಸು. ನಿನ್ನ ತಂಗಿಯ ಪೈಕಿಯವರು ಅಂತ ತಿಳಿ.

ನಿನ್ನ ಗುಬ್ಬಿ


ಜೂನ್ 22

ಗುಬ್ಬಿ,

ನಿನ್ನ ಕಾಗದ ಮೊದಲು ಓದಿದ್ದು ನಾನಲ್ಲ, ಕೆಳಗಿನ ಕನ್ನಡಕದವರು. ಅಂಚೆಯವನು ಮೆಟ್ಟಿಲು ಹತ್ತುವ ಸೋಮಾರಿತನಕ್ಕೆ ಅವರ ಅಂಗಡಿಯಲ್ಲೇ ಕೊಟ್ಟು ಹೋಗಿದ್ದ. ಲಕೋಟೆ ಒಡೆದಿಲ್ಲ, ಬೆಳಕಿಗೆ ಹಿಡಿದು ನೋಡಿದ್ದಾರೆ. "ನಿಮ್ಮ ತಂಗಿಗೆ ಬಂಗಾರದ ಅಂಚಿಂದು ಏನೋ ಸಿಕ್ತಂತೆ" ಅಂದರು. ಮನೆ ಮಾಲೀಕರು, ಏನೂ ಅನ್ನುವ ಹಾಗಿಲ್ಲ. ಆ ಕನ್ನಡಕ ಅಷ್ಟು ದಪ್ಪ ಇರುವುದು ಯಾಕೆ ಅಂತ ಈಗ ತಿಳಿಯಿತು.

ಇಲ್ಲಿ ಎಲ್ಲ ಎಂದಿನಂತೆ. ಕಂಟ್ರೋಲ್ ರೂಮಿಗೆ ಇಬ್ಬರು ಹೊಸಬರು ಬಂದಿದ್ದಾರೆ, ಅವರಿಗೆ ನಾನೇ ಮೇಷ್ಟ್ರು. ನಿನ್ನ ದೊಡ್ಡ ಮೇಡಂ ಹಾಗೆ ನನ್ನದೂ ಎರಡು ಪಾಠ ಇವೆ. ಒಂದು, ದನಿ ನಡುಗಬಾರದು. ಆ ಕಡೆಯವರು ಕೂಗಲಿ, ಅಳಲಿ, ನಮ್ಮ ಅಪ್ಪ ಅಮ್ಮನನ್ನೆಲ್ಲ ಬೈಯಲಿ, ನಮ್ಮ ದನಿ ಒಂದೇ ಮಟ್ಟದಲ್ಲಿ ಇರಬೇಕು. ಇನ್ನೊಂದು, ಲೈನ್ ಸುಮ್ಮನಿರಲು ಬಿಡಬಾರದು. ಗಾಡಿ ಮುಟ್ಟುವವರೆಗೆ ಏನಾದರೂ ಕೇಳುತ್ತಲೇ ಇರಬೇಕು.

ಮೊನ್ನೆ ಮಧ್ಯಾಹ್ನ ಒಂದು ಮಗು ಫೋನ್ ಮಾಡಿತ್ತು. ಅಮ್ಮ ಏಳ್ತಿಲ್ಲ ಅಂತು. ವಿಳಾಸ ಗೊತ್ತಿಲ್ಲ ಅದಕ್ಕೆ. ಕಿಟಕಿಯಿಂದ ಏನು ಕಾಣುತ್ತೆ ಮರಿ ಅಂತ ಕೇಳಿ ಕೇಳಿ ಗಾಡಿ ಕಳಿಸಿದೆವು. ಗಾಡಿ ಬರುವವರೆಗೆ ಒಂದು ಕಥೆ ಹೇಳಿ ಅಂತು. ನನಗೆಲ್ಲಿ ಕಥೆ ಬರುತ್ತೆ, ಏನೋ ಒಂದು ಹೇಳಿದೆ. ಆಮೇಲೆ ಲೈನ್ ಹೋಯಿತು, ಮುಂದಿನ ಕರೆ ಬಂತು. ಕೊನೆ ನಮಗೆ ಯಾವತ್ತೂ ತಿಳಿಯುವುದಿಲ್ಲವಲ್ಲ.

ಸರಿಯಾಗಿ ಊಟ ಮಾಡು. ಬೆಕ್ಕಿನ ಜೊತೆ ಜಾಸ್ತಿ ಸಲಿಗೆ ಬೇಡ, ಪರಚುತ್ತೆ.

ಲೈನ್ ಬಿಡುತ್ತಿದ್ದೇನೆ.
ಅಕ್ಕ


ಜುಲೈ 5

ಅಕ್ಕಾ,

ನೀನು ಕಥೆ ಹೇಳಿದೆ ಅನ್ನುವುದನ್ನು ಓದಿ ಗೊರಕೆಯನ್ನು ಎಬ್ಬಿಸಿ ನಕ್ಕೆ. ನನಗೆ ಚಿಕ್ಕವಳಿದ್ದಾಗ ಒಂದು ಕಥೆಯಾದರೂ ಹೇಳಿದ್ದೀಯಾ? "ಮಲಗ್ತೀಯೋ, ದೀಪ ಆರಿಸಲೋ" ಅನ್ನುವುದೊಂದೇ ನಿನ್ನ ಕಥೆ. ಯಾವ ಕಥೆ ಹೇಳಿದೆ ಅಂತ ಬರೆಯಲೇಬೇಕು. ಮರೆತರೆ ಬಿಡುವವಳಲ್ಲ.

ಇಲ್ಲಿ ಈಗ ಮೂವರು ಮೂವರು ಸೇರಿ ಅಭ್ಯಾಸ. ಒಬ್ಬರು ಚಿಕಿತ್ಸಕರು, ಒಬ್ಬರು ಬಂದವರು, ಮೂರನೆಯವರು ನೋಡುವವರು. ನಾಟಕ ಆಡುವ ಹಾಗಿಲ್ಲ, ನಮ್ಮದೇ ನಿಜವಾದ ಒಂದು ನೆನಪು ತರಬೇಕು, ಆದರೆ ಸಣ್ಣದು. ದೊಡ್ಡದಕ್ಕೆ ಕೈ ಹಾಕಬೇಡಿ ಅಂತ ಮೇಡಂ ಎಚ್ಚರಿಸಿದ್ದಾರೆ. ನಾನು, ಶಾಲೆಯಲ್ಲಿ ಎಲ್ಲರ ಮುಂದೆ ಪದ್ಯ ಮರೆತು ನಿಂತದ್ದನ್ನು ತಂದೆ. ಸಣ್ಣದು ಅಂದುಕೊಂಡಿದ್ದೆ. ಸಭೆಯಲ್ಲಿ ಅಮ್ಮ ಇರಲಿಲ್ಲ, ನೀನು ಶಾಲಾ ಯೂನಿಫಾರ್ಮಿನಲ್ಲೇ ಅಮ್ಮಂದಿರ ಸಾಲಿನಲ್ಲಿ ಕೂತಿದ್ದೆ ಅನ್ನುವುದು ನೆನಪಾಯಿತು. ಅಮ್ಮ ಹೋಗಿ ಆಗಲೇ ಒಂದು ವರ್ಷ ಆಗಿತ್ತಲ್ಲವಾ? ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ.

ಮುಂದಿನ ತಿಂಗಳಿಂದ ನಿಜವಾದ ಜನ. ಈಗಲೇ ಭಯ.

ನಿನ್ನ ಗುಬ್ಬಿ


ಜುಲೈ 24

ಗುಬ್ಬಿ,

ತಡವಾಯಿತು. ಮನೆ ಒರೆಸುವುದರಲ್ಲೇ ದಿನ ಹೋಗುತ್ತಿದೆ. ಫ್ಯಾನಿನ ರೆಕ್ಕೆ, ಬಾಗಿಲ ಚಿಲಕ, ಸ್ವಿಚ್ಚು, ಎಲ್ಲ ತಿಕ್ಕಿ ಇಟ್ಟಿದ್ದೇನೆ. ಕನ್ನಡಕದವರು ಬಂದು "ಮನೆ ಮಾರ್ತೀರೇನಮ್ಮಾ" ಅಂದರು. ನಿಮ್ಮ ಮನೆಯನ್ನು ನಾನು ಹೇಗೆ ಮಾರಲಿ ಅಂದೆ.

ಈಗ ಕೆಲಸಕ್ಕೆ ನಡೆದೇ ಹೋಗುತ್ತೇನೆ. ಬಸ್ಸಿನಲ್ಲಿ ಎಲ್ಲರ ಫೋನೂ ಬಡಿದುಕೊಳ್ಳುತ್ತವೆ.

ಅಮ್ಮ ಹೋಗಿ ಒಂದು ವರ್ಷ ಆಗಿರಲಿಲ್ಲ. ಎಂಟು ತಿಂಗಳು.

ಅಕ್ಕ


ಆಗಸ್ಟ್ 13

ಅಕ್ಕಾ,

ನಡೆದು ಹೋಗುತ್ತಿದ್ದೀಯಾ, ತುಂಬ ಒಳ್ಳೆಯದು. ಎಷ್ಟು ವರ್ಷದಿಂದ ಹೇಳುತ್ತಿದ್ದೆ. ಮನೆಯೂ ಹೊಳೆಯುತ್ತಿದೆ, ಮೈಯೂ ಹಗುರಾಗುತ್ತದೆ. ನಾನಿಲ್ಲದೆ ನೀನು ಸುಖವಾಗಿರುವ ಹಾಗೆ ಕಾಣುತ್ತದೆ. ಸ್ವಲ್ಪ ಬೇಜಾರೂ ಆಯಿತು.

ನನ್ನದೂ ಚೆನ್ನಾಗಿ ನಡೆದಿದೆ. ಬರುವವರ ಒಪ್ಪಿಗೆ ಪಡೆದು ನಮ್ಮ ಮಾತುಕತೆಯನ್ನು ರೆಕಾರ್ಡ್ ಮಾಡುತ್ತೇವೆ, ಮೇಡಂ ಕೇಳಿ ತಿದ್ದುತ್ತಾರೆ. ನನ್ನದನ್ನಂತೂ ಎರಡೆರಡು ಸಲ ಕೇಳಿದರು. ಅಷ್ಟು ಆಸಕ್ತಿ.

ಕಥೆ ಯಾವುದು ಅಂತ ನೀನಿನ್ನೂ ಹೇಳಿಲ್ಲ.

ನಿನ್ನ ಗುಬ್ಬಿ


ಸೆಪ್ಟೆಂಬರ್ 2

ಗುಬ್ಬಿ,

ಒಂದು ತಮಾಷೆ ಕೇಳು. ನಿನ್ನ ದೀಪದ ಕಾಗದ ನಮ್ಮ ಊರಿನಲ್ಲೂ ಇದೆ. ಬಸ್ ನಿಲ್ದಾಣದ ಹಿಂದೆ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಬ್ಬರು ಬೋರ್ಡು ಹಾಕಿದ್ದಾರೆ, "ಮಾನಸಿಕ ಆಘಾತ ತಜ್ಞರು" ಅಂತ. ಮೆಟ್ಟಿಲು ಹತ್ತಿ ಇಣುಕಿ ನೋಡಿದೆ. ಗೋಡೆಯ ಮೇಲೆ ಬಂಗಾರದ ಅಂಚು, ದೀಪ, ಎಲ್ಲ ನೀನು ಬರೆದ ಹಾಗೆಯೇ. ಚೌಕಟ್ಟು ಹಾಕಿಸಿ, ಮೇಲೆ ಒಂದು ಸಣ್ಣ ಬಲ್ಬು ಕೂಡ ಉರಿಸಿದ್ದಾರೆ.

ಗುರುವಾರಕ್ಕೆ ಬನ್ನಿ ಅಂದಿದ್ದಾರೆ. ನನಗೇನೂ ಆಗಿಲ್ಲ. ನನ್ನ ತಂಗಿ ಮುಂದೆ ಮಾಡುವ ಕೆಲಸ ಹೇಗಿರುತ್ತೆ ಅಂತ ನೋಡಿ ಬರೋಣ ಅಂತ.

ಅಕ್ಕ


ಸೆಪ್ಟೆಂಬರ್ 8

ಅಕ್ಕಾ,

ಹೋಗಬೇಡ. ನಿನ್ನ ಕಾಗದ ಇವತ್ತು ಬಂತು, ಗುರುವಾರ ಆಗಲೇ ಕಳೆದಿದೆ, ಆದರೂ ಬರೆಯುತ್ತಿದ್ದೇನೆ. ಹೋಗಿದ್ದರೆ ಎರಡನೇ ಸಲ ಹೋಗಬೇಡ. ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಕನ್ನಡಕದವರ ನಂಬರ್ ನನ್ನ ಹತ್ತಿರ ಇಲ್ಲ.

ಆ ದೀಪದ ಕಾಗದ ಎರಡು ದಿನದ ಪಾಠದ್ದು. ಅದಕ್ಕೆ ಶಾಲಾ ಶಿಕ್ಷಕರೂ ಬಂದಿದ್ದರು, ಪೊಲೀಸರೂ ಬಂದಿದ್ದರು, ಬಸ್ ಕಂಪನಿಯ ಒಬ್ಬ ಮ್ಯಾನೇಜರೂ ಇದ್ದ. ಪೆಟ್ಟು ತಿಂದವರನ್ನು ಗುರುತಿಸಿ, ಗೌರವದಿಂದ ಮಾತಾಡಿಸಿ, ಬಲ್ಲವರ ಹತ್ತಿರ ಕಳಿಸಿ ಅಂತ ಹೇಳಿಕೊಡುವ ಪಾಠ ಅದು. ಚಿಕಿತ್ಸೆ ಮಾಡಿ ಅಂತ ಅಲ್ಲ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇದೆ. ಅವರು ಮೇಲೆ ಬಲ್ಬು ಹಾಕಿದ್ದಾರೆ ಅಂದೆಯಲ್ಲ, ಆ ಬೆಳಕಿನಲ್ಲಿ ಆ ಸಾಲು ಕಾಣಿಸುವುದಿಲ್ಲ.

ಏನಾಯಿತು ಬರೆ. ನೀನು ಯಾಕೆ ಹೋದೆ ಬರೆ.

ಗುಬ್ಬಿ


ಸೆಪ್ಟೆಂಬರ್ 16

ಗುಬ್ಬಿ,

ನಿನ್ನ ಕಾಗದ ಬರುವ ಹೊತ್ತಿಗೆ ಹೋಗಿ ಬಂದಾಗಿತ್ತು. ಕೇಳಿದ್ದೀಯ, ಹೇಳುತ್ತೇನೆ.

ಅವರು ಒಳ್ಳೆಯ ಮನುಷ್ಯನೇ. ಕೂರಿಸಿದರು, ಫ್ಯಾನ್ ಹಾಕಿದರು. ಯಾವುದು ಕಾಡುತ್ತಿದೆ ಅಂತ ಕೇಳಿದರು, ಒಂದು ಕರೆ ಅಂದೆ. ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿ ಅಂದರು. ಹೇಳಿದೆ. ನನಗೆ ಹಾಗೆ ಹೇಳಿ ಅಭ್ಯಾಸ. ಸಮಯ, ವಿಳಾಸ, ಸ್ಥಿತಿ, ಗಾಡಿ ಸಂಖ್ಯೆ. ಅವರು ನಡುವೆ "ಶಭಾಷ್, ನೀವು ತುಂಬ ಗಟ್ಟಿ" ಅಂದರು. ಇನ್ನೊಂದು ಸಲ ಹೇಳಿ, ಈ ಸಲ ಆ ಮಗುವಿನ ದನಿ ಕೇಳಿಸಿಕೊಳ್ಳುತ್ತ ಹೇಳಿ ಅಂದರು. ಅದನ್ನೂ ಮಾಡಿದೆ. ನನ್ನ ದನಿ ಎಲ್ಲೂ ನಡುಗಲಿಲ್ಲ. ಮುಗಿದ ಮೇಲೆ, ಅರ್ಧ ಗುಣ ಆದ ಹಾಗೇ ಅಂದರು.

ಮನೆಗೆ ಬಂದೆ. ಮೆಟ್ಟಿಲ ಹತ್ತಿರ ನಿಂತೆ. ಮೇಲೆ ಹೋಗುವುದು ಹೇಗೆ ಅನ್ನುವುದು ಮರೆತ ಹಾಗಾಯಿತು. ಕಾಲು ಎತ್ತಿ ಇಡಬೇಕು ಅನ್ನುವುದು ಗೊತ್ತು, ಆಗುತ್ತಿಲ್ಲ. ಎಷ್ಟು ಹೊತ್ತೋ. ಕನ್ನಡಕದವರು ಅಂಗಡಿಯ ಬಾಗಿಲು ಎಳೆಯಲು ಬಂದವರು ನೋಡಿ, ಏನೂ ಕೇಳದೆ, ನನ್ನ ಮುಂದೆ ಒಂದೊಂದೇ ಮೆಟ್ಟಿಲು ಹತ್ತಿ ತೋರಿಸಿದರು. ನಾನು ಅವರ ಚಪ್ಪಲಿ ನೋಡಿಕೊಂಡು ಹಿಂದೆ ಹತ್ತಿದೆ.

ಅವತ್ತಿನಿಂದ ಹೆಡ್‌ಸೆಟ್ ಹಾಕಿಕೊಳ್ಳಲು ಆಗುತ್ತಿಲ್ಲ. ರೆಕಾರ್ಡ್ ರೂಮಿಗೆ ಹಾಕಿದ್ದಾರೆ. ಫೈಲಿಗೆ ದಾರ ಕಟ್ಟುತ್ತೇನೆ. ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ಪೂರ್ತಿ ಇಲ್ಲೇ ಅಂದಿದ್ದಾರೆ. ಇಪ್ಪತ್ತು ವರ್ಷ ಕೂತ ಕುರ್ಚಿ ಅದು.

ಅಲ್ಲಿಗೆ ನಾನು ಹೋದದ್ದು ನಿನ್ನ ದೀಪದ ಕಾಗದ ಗೋಡೆಯ ಮೇಲಿತ್ತು ಅಂತ. ಬೇರೆ ಕಾರಣ ಇಲ್ಲ.

ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ನಿನ್ನ ಕಾಗದವನ್ನು ಹಿಡಿದು ಕೂತಿದ್ದೇನೆ. ಒಂದು ಅಕ್ಷರವೂ ಅಲುಗಿಲ್ಲ. ಸಾಲುಗಳು ಗೆರೆ ಎಳೆದ ಹಾಗಿವೆ. ಜೂನ್ ತಿಂಗಳದ್ದನ್ನು ತೆಗೆದು ನೋಡಿದೆ, ಅದೂ ಹೀಗೇ ಇದೆ. ಅದನ್ನೇ ಓದಿ ನಾನು ನಕ್ಕಿದ್ದೆ. ನಿನ್ನ ಎದುರು ಕೂತಿದ್ದರೆ ನಿನ್ನ ಕೈ ಕಾಲು ನೋಡಿಯಾದರೂ ತಿಳಿಯುತ್ತಿತ್ತೋ ಏನೋ. ಕಾಗದಕ್ಕೆ ಕೈ ಕಾಲು ಇಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ಮೇಡಂ ನನ್ನ ರೆಕಾರ್ಡಿಂಗ್ ಎರಡು ಸಲ ಕೇಳಿದ್ದು ಆಸಕ್ತಿಯಿಂದ ಅಲ್ಲ. ಮೊದಲ ಪರೀಕ್ಷೆಯಲ್ಲಿ ನನ್ನನ್ನು ತಡೆಹಿಡಿದಿದ್ದಾರೆ. ಅವರು ಒಂದು ಕಡೆ ನಿಲ್ಲಿಸಿ "ಇದೇನು ಸದ್ದು?" ಅಂದರು. ನೀರು ಬಗ್ಗಿಸಿದ್ದು ಮೇಡಂ ಅಂದೆ. ಸ್ವಲ್ಪ ಮುಂದೆ ಹೋಗಿ "ಇದು?" ಅಂದರು. ಅದೂ ನೀರೇ. ಆಮೇಲೆ ಅವರು ಕೇಳಿದರು, "ಬಾಯಾರಿದ್ದು ಯಾರಿಗಮ್ಮಾ, ಅವರಿಗೋ ನಿನಗೋ?"

ಎದುರಿನವರು ತಮ್ಮನ್ನು ಕಾಡುವ ಮಾತಿನ ಹತ್ತಿರ ಬಂದಾಗಲೆಲ್ಲ ನಾನು ಎದ್ದು ಲೋಟ ಹಿಡಿಯುತ್ತಿದ್ದೆ. ಅವರು ಕುಡಿದು, ಥ್ಯಾಂಕ್ಸ್ ಹೇಳಿ, ಬೇರೆ ಮಾತಿಗೆ ಹೋಗುತ್ತಿದ್ದರು. ಜೆರಾಕ್ಸ್ ಅಂಗಡಿ ಮಹಡಿಯ ಆ ಮಹಾಶಯ ನಿನ್ನನ್ನು ತಳ್ಳಿದ, ನಾನು ಬಂದವರಿಗೆ ಅಡ್ಡ ನಿಂತೆ. ಇಬ್ಬರಿಗೂ ಎದುರಿನವರನ್ನು ನೋಡುವಷ್ಟು ಪುರಸೊತ್ತು ಇರಲಿಲ್ಲ.

ರಜೆ ಹಾಕಿ ಬರುತ್ತೇನೆ, ಅಕ್ಕನಿಗೆ ನಾನೇ ಚಿಕಿತ್ಸೆ ಕೊಡುತ್ತೇನೆ ಅಂತ ಮೇಡಂ ಹತ್ತಿರ ಕೇಳಿದೆ. ಆಗುವುದಿಲ್ಲ ಅಂದರು. ಅತ್ತೆ. ಆಗ ಅವರು ನನಗೆ ನೀರು ಕೊಡಲಿಲ್ಲ, ಸುಮ್ಮನೆ ಕೂತರು. ಆಮೇಲೆ ಅಂದರು, "ನಿನ್ನ ಮುಂದೆ ಕೂತರೆ ಅವಳು ನಿನ್ನನ್ನ ನೋಡ್ಕೊಳ್ಳೋಕೆ ಶುರು ಮಾಡ್ತಾಳೆ. ಅವಳು ಯಾವತ್ತು ನಿನ್ನ ಮುಂದೆ ಅತ್ತಿದಾಳೆ ಹೇಳು."

ನನಗೆ ಹೇಳಲು ಒಂದು ದಿನವೂ ಸಿಗಲಿಲ್ಲ.

ನಮ್ಮ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥದ್ದಕ್ಕೆ ಚಿಕಿತ್ಸೆ ಕೊಡುವವರು ಒಬ್ಬರಿದ್ದಾರೆ ಅಂತ ಮೇಡಂ ವಿಚಾರಿಸಿ ಹೇಳಿದರು. ಆದರೆ ಈ ಸಲ ಗೋಡೆ ನೋಡಬೇಡ, ಅವರನ್ನೇ ಕೇಳು. ಮೊದಲು ಏನು ಓದಿದ್ದಾರೆ, ಅದಾದ ಮೇಲೆ ಇದಕ್ಕೆಂದೇ ಎಷ್ಟು ಕಾಲ ಕಲಿತರು, ಯಾರ ಕಣ್ಗಾವಲಿನಲ್ಲಿ ಮಾಡಿದರು ಅಂತ ಕೇಳು. ಈಗಲೂ ಅವರ ಕೆಲಸವನ್ನು ನೋಡುವ ಹಿರಿಯರು ಯಾರಾದರೂ ಇದ್ದಾರೋ ಕೇಳು. ಮೊದಲ ದಿನವೇ ಎಲ್ಲ ಹೇಳಿಸುತ್ತಾರೋ, ನೀನು ಸಾಕು ಅಂದರೆ ಏನು ಮಾಡುತ್ತಾರೋ ಕೇಳು. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಎದ್ದು ಬಾ.

ನಿನ್ನ ಗುಬ್ಬಿ


ಅಕ್ಟೋಬರ್ 1

ಗುಬ್ಬಿ,

ನಿನ್ನ ಪರೀಕ್ಷೆಗೆ ನಾನು ಪ್ರಶ್ನೆಪತ್ರಿಕೆ ಅಲ್ಲ. ಇನ್ನೊಬ್ಬರ ಮುಂದೆ ಹೋಗಿ ಕೂರುವ ಶಕ್ತಿ ನನಗಿಲ್ಲ. ದಾರ ಕಟ್ಟುವ ಕೆಲಸ ಚೆನ್ನಾಗಿದೆ. ಫೈಲುಗಳು ಮಾತಾಡುವುದಿಲ್ಲ.

ಇದರ ಬಗ್ಗೆ ಇನ್ನು ಬರೆಯಬೇಡ.


ಅಕ್ಟೋಬರ್ 8

ಅಕ್ಕಾ,

ಸರಿ, ಬರೆಯುವುದಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟೇ ಇರಲಿ, ಆದರೆ ಒಂದು ಸಾಲು ಹಾಕು. ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಾ? ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಿಲ್ಲ ತಾನೆ? ಕನ್ನಡಕದವರಿಗಾದರೂ ಹೇಳಿ ಒಂದು ಕಾರ್ಡು ಹಾಕಿಸು. ನಾನು ತಪ್ಪು ಮಾಡಿದೆ ಅಂತ ನೂರು ಸಲ ಬೇಕಾದರೂ ಬರೆಯುತ್ತೇನೆ.

ಗುಬ್ಬಿ


ಅಕ್ಟೋಬರ್ 27

ಅಕ್ಕಾ,

ಹಿಂದಿನ ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡೆ. ಉದ್ದಕ್ಕೂ ಪ್ರಶ್ನೆಗಳೇ. ನಿನ್ನ ಕಂಟ್ರೋಲ್ ರೂಮಿನವರೂ ಅಷ್ಟು ಕೇಳಲಾರರು.

ಪೈಪಿನ ಮೇಲಿನ ಬೆಕ್ಕು ಮರಿ ಹಾಕಿದೆ. ಎರಡು ಕಪ್ಪು, ಒಂದು ಬಣ್ಣವಿಲ್ಲದ್ದು. ಗೊರಕೆ ಕೋರ್ಸ್ ಬಿಟ್ಟು ಊರಿಗೆ ಹೋದಳು, ಇದು ನನ್ನಿಂದಾಗದು ಅಂತ. ಕೋಣೆ ಎಷ್ಟು ಸದ್ದಿಲ್ಲದೆ ಇದೆಯೆಂದರೆ ಅವಳ ಗೊರಕೆ ಇದ್ದಿದ್ದರೆ ಅನ್ನಿಸುತ್ತದೆ.

ಗುಬ್ಬಿ


ನವೆಂಬರ್ 15

ಅಕ್ಕಾ,

ನಾನು ಇಲ್ಲೇ ಇದ್ದೇನೆ.

ಗುಬ್ಬಿ


ಡಿಸೆಂಬರ್ 4

ಗುಬ್ಬಿ,

ನಿನ್ನ ಮೂರು ಕಾಗದವೂ ಬಂದಿವೆ. ಕೊನೆಯದನ್ನು ಕನ್ನಡಕದವರು ಬೆಳಕಿಗೆ ಹಿಡಿದು ನೋಡಿ, "ಒಳಗೆ ಏನೂ ಇಲ್ಲ ಕಣಮ್ಮಾ, ಖಾಲಿ" ಅಂತ ತಂದು ಕೊಟ್ಟರು. ಅದನ್ನು ಓದಿ ಮಾರನೆಯ ವಾರ ಜಿಲ್ಲಾ ಆಸ್ಪತ್ರೆಗೆ ಹೋದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ.

ಉದ್ದ ಕಾರಿಡಾರ್, ಕೊನೆಯಲ್ಲಿ ಒಂದು ಕೋಣೆ. ಎರಡು ಕುರ್ಚಿ, ಒಂದು ಗಡಿಯಾರ, ಗೋಡೆಯ ಮೇಲೆ ಏನೂ ಇಲ್ಲ. ಇರುವವಳು ನಿನ್ನ ವಯಸ್ಸಿನವಳು. ಇವಳೇನು ಮಾಡಿಯಾಳು ಅನ್ನಿಸಿತು. ಕೂರುವ ಮೊದಲೇ ಶುರು ಮಾಡಿದೆ. ಏನು ಓದಿದ್ದೀರಿ, ಎಷ್ಟು ವರ್ಷ, ಯಾರ ಕೈಕೆಳಗೆ. ಕುಡಿದು ಫೋನ್ ಮಾಡುವವರನ್ನು ವಿಚಾರಿಸುವ ದನಿಯಲ್ಲೇ ಕೇಳಿದೆ. ಅವಳು ಮುಖ ಗಂಟು ಹಾಕಲಿಲ್ಲ. ಮನಶ್ಶಾಸ್ತ್ರದ ಓದು ಮುಗಿಸಿ, ಆಸ್ಪತ್ರೆಯ ತರಬೇತಿ ಮುಗಿಸಿ, ಅದಾದ ಮೇಲೆ ಇದಕ್ಕೆಂದೇ ಎರಡು ವರ್ಷ ಕಲಿತಳಂತೆ. ಈಗಲೂ ತಿಂಗಳಿಗೆ ಎರಡು ಸಲ ತನ್ನ ಹಿರಿಯರ ಮುಂದೆ ಕೂತು, ನಾನು ಹೀಗೆ ಮಾಡಿದೆ ಅಂತ ಒಪ್ಪಿಸುತ್ತಾಳಂತೆ. ಬಂದವರ ಹೆಸರು ಹೇಳುವುದಿಲ್ಲವಂತೆ.

"ನಾನು ಸಾಕು ಅಂದರೆ?" ಅಂದೆ.

"ನಿಲ್ಲಿಸ್ತೀನಿ."

"ಸಾಕು ಅನ್ನೋದೇ ನನಗೆ ಬರದೇ ಹೋದರೆ?"

ಇದು ನೀನು ಹೇಳಿಕೊಟ್ಟದ್ದಲ್ಲ, ಹಾಗೇ ಬಾಯಿಗೆ ಬಂತು. ಅವಳು ತಕ್ಷಣ ಉತ್ತರ ಕೊಡಲಿಲ್ಲ. ನನಗೆ ಲೈನ್ ಸುಮ್ಮನಿದ್ದರೆ ಆಗುವುದಿಲ್ಲ, ಗೊತ್ತಲ್ಲ, ಇನ್ನೊಂದು ಪ್ರಶ್ನೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವಳು, "ಅದನ್ನ ನಾನೇ ನೋಡ್ಕೋಬೇಕು. ಈಗಲೂ ನಿಮ್ಮ ದನಿ ಡ್ಯೂಟಿ ಮೇಲಿದೆ. ಕೈ ನೋಡ್ಕೊಳ್ಳಿ" ಅಂದಳು.

ನೋಡಿದೆ. ಚೀಲದ ಪಟ್ಟಿಯನ್ನು ತಿರುಚಿ ತಿರುಚಿ ಹಗ್ಗ ಮಾಡಿದ್ದೆ. ಬೆರಳ ತುದಿ ಬೆಳ್ಳಗಾಗಿತ್ತು. ನನ್ನದೇ ಕೈ, ನನಗೇ ಗೊತ್ತಿರಲಿಲ್ಲ.

ಮೊದಲ ಕೆಲವು ವಾರ ಆ ಕರೆಯ ಮಾತೇ ಬೇಡ ಅಂದಳು. ಮತ್ತೆ ಏನು ಮಾತಾಡುವುದು ಅಂದೆ. ನಿದ್ದೆ, ಮೆಟ್ಟಿಲು, ಬಸ್ಸು ಅಂದಳು. ಬಸ್ಸಿನ ವಿಷಯ ನಾನು ಹೇಳಿರಲೇ ಇಲ್ಲ. ಆಸ್ಪತ್ರೆಗೆ ಹೇಗೆ ಬಂದಿರಿ ಅಂತ ಕೇಳಿದ್ದಳು, ನಡೆದು ಅಂದಿದ್ದೆ, ಅಷ್ಟೇ. ನಮ್ಮ ಮನೆಯಿಂದ ಆಸ್ಪತ್ರೆ ಎಷ್ಟು ದೂರ ಅಂತ ನಿನಗೆ ಗೊತ್ತಿದೆ.

ಮುಂದಿನ ಗುರುವಾರವೂ ಹೋಗುತ್ತೇನೆ. ಆ ಕುರ್ಚಿ ಇನ್ನೊಂದು ಮೂರು ತಿಂಗಳು ನನ್ನದಾಗಿಯೇ ಇರಲಿ ಅಂತ ಸಾಹೇಬರಿಗೆ ಅರ್ಜಿ ಕೊಟ್ಟಿದ್ದೇನೆ.

ಅಕ್ಕ


ಡಿಸೆಂಬರ್ 12

ಅಕ್ಕಾ,

ಓದಿದೆ. ಕೇಳಬೇಕು ಅಂತ ಅನ್ನಿಸಿದ್ದೆಲ್ಲ ಬರೆದು ಹರಿದು ಹಾಕಿದೆ. ಇಷ್ಟು ಮಾತ್ರ ಹೇಳುತ್ತೇನೆ: ನಿನ್ನ ಆ ಪ್ರಶ್ನೆಯನ್ನು ಮೇಡಂಗೆ ಹೇಳಿದೆ. ಅವರು ಮಾರನೆಯ ದಿನ ಅದನ್ನು ಬೋರ್ಡಿನ ಮೇಲೆ ಬರೆದು, ಇದಕ್ಕೆ ಉತ್ತರ ಗೊತ್ತಿಲ್ಲದವರು ಯಾರೂ ಇಲ್ಲಿಂದ ಹೊರಗೆ ಹೋಗುವ ಹಾಗಿಲ್ಲ ಅಂದರು. ಯಾರ ಪ್ರಶ್ನೆ ಅಂತ ನಾನು ಯಾರಿಗೂ ಹೇಳಲಿಲ್ಲ.

ನನ್ನ ಮುಂದೆ ಮೊನ್ನೆ ಒಬ್ಬರು ಬಹಳ ಹೊತ್ತು ಸುಮ್ಮನೆ ಇದ್ದರು. ನಾನು ಎದ್ದೇಳಲಿಲ್ಲ.

ಗುಬ್ಬಿ


ಫೆಬ್ರವರಿ 19

ಗುಬ್ಬಿ,

ಇವತ್ತು ಹೇಳಿದೆ. ಪೂರ್ತಿ. ಅದು ಆಗಿಹೋಗಿದೆ, ಈಗ ಆಗುತ್ತಿಲ್ಲ ಅನ್ನುವುದು ನಡುವೆ ಎರಡು ಸಲ ನನಗೆ ಮರೆತುಹೋಯಿತು, ಎರಡು ಸಲವೂ ಅವಳು ನಿಲ್ಲಿಸಿದಳು. ಕಿಟಕಿ, ಕುರ್ಚಿ, ನೆಲ ಎಲ್ಲ ತೋರಿಸಿ, ನಾನು ಇಲ್ಲಿಗೆ ವಾಪಸ್ ಬಂದ ಮೇಲೇ ಮುಂದೆ ಹೋದಳು. ದನಿ ನಡುಗಿತು. ನಡುಗಿದ್ದು ಅಂದರೆ ಸಾಮಾನ್ಯ ಅಲ್ಲ. ಕಾರಿಡಾರಿನಲ್ಲಿದ್ದವರಿಗೆಲ್ಲ ಕೇಳಿರಬೇಕು.

ನಿನಗೆ ಅದನ್ನು ಬರೆಯುವುದಿಲ್ಲ. ಯಾವತ್ತೂ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಆ ಕೋಣೆಯಲ್ಲಿ ಇಟ್ಟು ಬಂದಿದ್ದೇನೆ, ಅಲ್ಲೇ ಇರಲಿ. ನೀನು ನನ್ನ ಹತ್ತಿರ ಬೆಕ್ಕಿನ ವಿಷಯ ಮಾತಾಡು, ಅದು ನನಗೆ ಬೇಕು.

ಹೊರಗೆ ಬಂದು ಕೂರಲು ಜಾಗ ಹುಡುಕಿದೆ. ಬೆಂಚಿನ ಮೇಲೆ ಒಳಗಿರುವವರ ಮನೆಯವರೆಲ್ಲ ಕೂತಿದ್ದರು. ಒಬ್ಬರು ಜರುಗಿ ಜಾಗ ಕೊಟ್ಟು "ನಿಮ್ಮೋರು ಯಾರು ಒಳಗಿದಾರೆ" ಅಂದರು. ನಾನೇ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಈಗ ಅರ್ಧ ದಿನ ಹೊಸಬರ ಪಕ್ಕ ಕೂರುತ್ತೇನೆ. ಹೆಡ್‌ಸೆಟ್ ಕೊರಳಲ್ಲಿ ಇರುತ್ತದೆ. ಕಿವಿಗೆ ಇನ್ನೂ ಇಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ,

ಮೇಡಂ ಸಹಿ ಹಾಕಿದರು. ಬಂಗಾರದ ಅಂಚು ಇಲ್ಲ, ಸಾದಾ ಕಾಗದ. ಅದರಲ್ಲಿ ನನ್ನ ಹೆಸರಿಗಿಂತ ದೊಡ್ಡದಾಗಿ, ಇನ್ನೂ ಎರಡು ವರ್ಷ ಮೇಲ್ವಿಚಾರಣೆಯಲ್ಲೇ ಇರಬೇಕು ಅಂತ ಇದೆ. ಇಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಕೊಟ್ಟಿದ್ದಾರೆ.

ನಿನ್ನ ಫೆಬ್ರವರಿ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಆಗಲಿಲ್ಲ. ನಿಜ ಹೇಳುತ್ತೇನೆ, ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ನಿನ್ನ ಅಳು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವಳು ಕೇಳಿದಳು. ಅದು ಸರಿ ಅಂತ ನಾನೇ ಪಾಠ ಓದಿ ಪಾಸಾಗಿದ್ದೇನೆ, ಆದರೂ.

ನಿನ್ನೆ ಮೊದಲ ಸಲ ಒಬ್ಬಳೇ ಕೂತೆ. ಒಳಗಿನದನ್ನು ಯಾರಿಗೂ ಬರೆಯುವಂತಿಲ್ಲ, ನಿನಗೂ. ಹೊರಗಿನದನ್ನು ಬರೆದರೆ ತಪ್ಪಾಗಲಾರದು. ಬಂದವರನ್ನು ಕರೆದುಕೊಂಡು ಅವರ ತಮ್ಮ ಬಂದಿದ್ದ. ಮುಗಿದ ಮೇಲೆ ಆಕೆ ಕೈಕಾಲು ತೊಳೆಯಲು ಹೋದರು. ಆತ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು, "ಅಕ್ಕ ಏನಂದ್ಲು ಮೇಡಂ?" ಅಂತ ಕೇಳಿದ. ಹೇಳುವ ಹಾಗಿಲ್ಲ ಅಂದೆ. "ನನಗೂ?" ಅಂದ. ನಿಮಗೂ ಅಂದೆ. ನಲವತ್ತು ದಾಟಿದ ಗಂಡಸು, ಬೈಸಿಕೊಂಡ ಮಗುವಿನ ಹಾಗೆ ನಿಂತ. ಅವನಿಗೆ ಬೇಕಾದದ್ದು ನನ್ನ ಹತ್ತಿರ ಇತ್ತು, ಕೊಡುವ ಹಾಗಿರಲಿಲ್ಲ. ಗಾಡಿ ನಿಧಾನ ಓಡಿಸಿ, ದಾರಿಯಲ್ಲಿ ಏನೂ ಕೇಳಬೇಡಿ ಅಂತಷ್ಟೇ ಹೇಳಿದೆ. ಅವರು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಆಕೆ ಹಿಂದೆ ಕೂತು ತಮ್ಮನ ಭುಜ ಹಿಡಿದುಕೊಂಡಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ.

ಇಡೀ ಚಳಿಗಾಲ ನೀನು ಒಬ್ಬಳೇ ಹೋಗಿ ಒಬ್ಬಳೇ ನಡೆದು ಬಂದೆ. ನಿನಗೆ ಚಿಕಿತ್ಸೆ ಕೊಡಲು ಬರುತ್ತೇನೆ ಅಂತ ಕೇಳಿದ್ದೆ, ಬೇಡ ಅಂದರು, ಸುಮ್ಮನಾದೆ. ಕರೆದುಕೊಂಡು ಹೋಗಿ ಬರಲು ಬರುತ್ತೇನೆ ಅಂತ ಕೇಳಲು ನನಗೆ ಹೊಳೆಯಲೇ ಇಲ್ಲ. ಅದಕ್ಕೆ ಯಾವ ಮೇಡಮ್ಮೂ ಬೇಡ ಅನ್ನುತ್ತಿರಲಿಲ್ಲ.

ರಜೆ ಬರೆದುಕೊಟ್ಟಿದ್ದೇನೆ. ಬುಧವಾರ ಸಂಜೆಯ ಬಸ್ಸು. ಗುರುವಾರ ನೀನು ಒಳಗೆ ಹೋದಾಗ ನಾನು ಬೆಂಚಿನ ಮೇಲೆ ಇರುತ್ತೇನೆ. ಯಾರಾದರೂ ಕೇಳಿದರೆ, ಒಳಗಿರುವವರು ನಮ್ಮ ಅಕ್ಕ ಅನ್ನುತ್ತೇನೆ. ನೀನು ಹೊರಗೆ ಬಂದ ಮೇಲೆ ಏನೂ ಕೇಳುವುದಿಲ್ಲ.

ಗುಬ್ಬಿ